ಡಾಂಬರು ಹಿಡಿದಿಟ್ಟ ನಾಲ್ಕು ಸಾವಿರ ತೋಳಗಳು

ಲಾಸ್ ಏಂಜಲೀಸ್ ನಗರದ ವಿಲ್‌ಶೈರ್ ಬುಲೆವಾರ್ಡಿನಲ್ಲಿ ಹೋಗುತ್ತಿದ್ದರೆ ಕಾಂಪೌಂಡಿನ ಆಚೆ ಕಪ್ಪು ನೀರಿನ ಒಂದು ಕೆರೆ ಕಾಣುತ್ತದೆ. ಅದರಲ್ಲೊಂದು ಹೆಣ್ಣು ಮ್ಯಾಮತ್ ಅರ್ಧ ಹೂತುಹೋಗಿ ಸೊಂಡಿಲೆತ್ತಿ ಘೀಳಿಡುತ್ತಿದೆ. ದಡದಲ್ಲಿ ಗಂಡು ನಿಂತಿದೆ, ಪಕ್ಕದಲ್ಲಿ ಕಂಗಾಲಾದ ಮರಿ. ಎಲ್ಲವೂ ಫೈಬರ್‌ಗ್ಲಾಸ್ ಬೊಂಬೆಗಳು, 1960ರ ದಶಕದಲ್ಲಿ ತಂದು ನಿಲ್ಲಿಸಿದ್ದು. ಲಾ ಬ್ರೆಯಾ ಟಾರ್ ಪಿಟ್ಸ್ ಎಂಬ ಈ ಜಾಗಕ್ಕೆ ಬಂದವರು ಮೊದಲು ಫೋಟೊ ತೆಗೆಯುವುದು ಇದರದ್ದೇ. ಶಾಲೆಯ ಮಕ್ಕಳು ಆ ಮರಿಯನ್ನು ನೋಡಿ ಮರುಗುವುದೂ ಇದೆ.

ಆದರೆ ಈ ದೃಶ್ಯದಲ್ಲಿ ಸರಿಯಾಗಿರುವುದು ಕಡಿಮೆ. ಆ ಕೆರೆ ಹಿಮಯುಗದ್ದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಡಾಂಬರಿಗಾಗಿ ತೋಡಿದ ಗಣಿಯ ಗುಂಡಿಯಲ್ಲಿ ನೀರು ನಿಂತು ಆದದ್ದು. ಹಿಮಯುಗದ ಪ್ರಾಣಿಗಳು ಹೀಗೆ ಆಳವಾದ ಕಪ್ಪು ಮಡುವಿಗೆ ಬಿದ್ದು ಮುಳುಗಿ ಸತ್ತವೂ ಅಲ್ಲ. ಇನ್ನೂ ಒಂದು ಮಾತು: ಇಲ್ಲಿ ಸಿಕ್ಕಿಬಿದ್ದ ಪ್ರಾಣಿಗಳ ಪಟ್ಟಿಯಲ್ಲಿ ಮ್ಯಾಮತ್‌ಗೆ ಬಹಳ ಕೆಳಗಿನ ಜಾಗ. ಈ ನೆಲದ ನಿಜವಾದ ಪಾತ್ರಧಾರಿಗಳು ತೋಳ, ಕೋರೆಹಲ್ಲಿನ ಬೆಕ್ಕು, ನರಿಗಿಂತ ದೊಡ್ಡದೂ ತೋಳಕ್ಕಿಂತ ಚಿಕ್ಕದೂ ಆದ ಕಾಯೋಟಿ ಮತ್ತು ರಣಹದ್ದುಗಳು. ದೊಡ್ಡದನ್ನೇ ತೋರಿಸಬೇಕೆಂಬ ಆಸೆ ಎಲ್ಲ ಮ್ಯೂಸಿಯಂಗಳಿಗೂ ಇರುತ್ತದೆ, ಇಲ್ಲಿ ಅದು ಬಾಗಿಲಿನಲ್ಲೇ ನಿಂತಿದೆ.

ನಿಜವಾಗಿ ಆದದ್ದು ಇಷ್ಟು. ನಗರದ ಈ ಭಾಗದ ಕೆಳಗೆ ಸಾಲ್ಟ್ ಲೇಕ್ ಎಂಬ ಎಣ್ಣೆ ನಿಕ್ಷೇಪವಿದೆ. ನೆಲದ ಬಿರುಕುಗಳ ಮೂಲಕ ಕಲ್ಲೆಣ್ಣೆ ಮೇಲಕ್ಕೆ ಜಿನುಗುತ್ತದೆ. ಅದರಲ್ಲಿನ ಹಗುರ ಅಂಶ ಆವಿಯಾಗಿ ಹೋದ ಮೇಲೆ ಉಳಿಯುವುದು ಕಪ್ಪು ಅಂಟು, ಅಂದರೆ ಡಾಂಬರು. ನಾವು ರಸ್ತೆಗೆ ಹಾಕುವುದರ ನೈಸರ್ಗಿಕ ರೂಪ. ಅದು ನೆಲದ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ. ಮೇಲೆ ಧೂಳು, ತರಗೆಲೆ ಬಿದ್ದರೆ ಗುರುತೇ ಸಿಗುವುದಿಲ್ಲ. ಚಳಿಗಾಲದಲ್ಲಿ ಗಟ್ಟಿಯಾಗಿರುತ್ತದೆ, ಬಿಸಿಲೇರಿದಾಗ ಹಲಸಿನ ಮೇಣಕ್ಕಿಂತ ಕೆಟ್ಟದಾಗಿ ಹಿಡಿದುಕೊಳ್ಳುತ್ತದೆ. ಒಂದು ಕುದುರೆಯನ್ನೋ ಕಾಡೆಮ್ಮೆಯನ್ನೋ ನಿಲ್ಲಿಸಿಬಿಡಲು ಆಳವೇನೂ ಬೇಕಿಲ್ಲ, ಕೆಲವೇ ಅಂಗುಲ ಸಾಕು. ಪ್ರಾಣಿ ಮುಳುಗುವುದಿಲ್ಲ. ನಿಂತಲ್ಲೇ ನಿಲ್ಲುತ್ತದೆ, ಬಾಯಾರಿ, ಹಸಿದು, ಕೂಗಿ ಸಾಯುತ್ತದೆ. ಆ ಕೂಗು ಕೇಳಿ ಬೇಟೆಗಾರರು ಬರುತ್ತಾರೆ.

ಮ್ಯೂಸಿಯಂನೊಳಗೆ ಇದನ್ನು ಕೈಯಾರೆ ಪರೀಕ್ಷಿಸುವ ಏರ್ಪಾಡಿದೆ. ಡಾಂಬರು ತುಂಬಿದ ತೊಟ್ಟಿಗಳಲ್ಲಿ ಲೋಹದ ಕೋಲುಗಳನ್ನು ಇಳಿಬಿಟ್ಟಿದ್ದಾರೆ, ಹಿಡಿಕೆ ಹಿಡಿದು ಎಳೆಯಬೇಕು. ಪುಟ್ಟ ಮಕ್ಕಳು ಎರಡೂ ಕೈ ಹಾಕಿ ಜೋತುಬೀಳುತ್ತಾರೆ. ದೊಡ್ಡವರು ಮೊದಲು ನಗುತ್ತಾ ಒಂದು ಕೈಯಲ್ಲಿ ಹಿಡಿದು, ಆಮೇಲೆ ಕಾಲೂರಿ ಎಳೆಯತೊಡಗುತ್ತಾರೆ. ಜಗ್ಗಿದಷ್ಟೂ ಕೋಲು ಕಚ್ಚಿಕೊಂಡೇ ಇರುತ್ತದೆ, ನಿಧಾನಕ್ಕೆ ಮೇಲೆ ಬಂದ ಹಾಗನಿಸಿದರೂ ಕೈ ಸಡಿಲಿಸಿದೊಡನೆ ಮತ್ತೆ ಇಳಿಯುತ್ತದೆ. ಹೊರಗಿನ ಬೊಂಬೆಗಳು ಹೇಳಲಾಗದ್ದನ್ನು ಈ ಕೋಲು ಅರ್ಧ ನಿಮಿಷದಲ್ಲಿ ಹೇಳಿಬಿಡುತ್ತದೆ.

ಒಂದು ಕುದುರೆ ಸಿಕ್ಕಿಕೊಂಡರೆ ಅದನ್ನು ತಿನ್ನಲು ಬಂದ ಹಿಂಡಿನಲ್ಲಿ ಕೆಲವು ತೋಳಗಳೂ ಸಿಕ್ಕಿಕೊಳ್ಳುತ್ತವೆ. ಸತ್ತ ತೋಳ ಇನ್ನಷ್ಟು ಮಾಂಸಾಹಾರಿಗಳನ್ನು ಕರೆಯುತ್ತದೆ. ಹೀಗಾಗಿ ಇಲ್ಲಿನ ಲೆಕ್ಕ ತಲೆಕೆಳಗು. ಯಾವ ಕಾಡಿನಲ್ಲಿಯೂ ಹುಲ್ಲು ಮೇಯುವವು ಹೆಚ್ಚು, ಅವನ್ನು ತಿನ್ನುವವು ಬೆರಳೆಣಿಕೆಯಷ್ಟು. ಲಾ ಬ್ರೆಯಾದಲ್ಲಿ ಸಿಕ್ಕ ಸಸ್ತನಿಗಳಲ್ಲಿ ಶೇಕಡ 90ರಷ್ಟು ಮಾಂಸಾಹಾರಿಗಳೇ. ಡೈರ್ ವುಲ್ಫ್ ಎಂಬ ಅಳಿದುಹೋದ ದೊಡ್ಡ ತೋಳ 4,000ಕ್ಕೂ ಹೆಚ್ಚು. ಕತ್ತಿಯಂಥ ಕೋರೆಯ ಸ್ಮೈಲೊಡಾನ್ ಬೆಕ್ಕು 2,000ಕ್ಕೂ ಹೆಚ್ಚು. ಮೂರನೆಯ ಸ್ಥಾನ ಕಾಯೋಟಿಗೆ. ಹಕ್ಕಿಗಳಲ್ಲೂ ಹದ್ದು, ಗಿಡುಗ, ಗೂಬೆಗಳದ್ದೇ ಮೇಲುಗೈ.

ನಾಲ್ಕು ಸಾವಿರ ತೋಳ ಎಂದೊಡನೆ ಹಿಂಡುಹಿಂಡಾಗಿ ಬಿದ್ದು ಸತ್ತ ಮಹಾ ದುರಂತ ಕಣ್ಣಿಗೆ ಕಟ್ಟುತ್ತದೆ. ಆದರೆ ಇಲ್ಲಿನ ಮೂಳೆಗಳ ವಯಸ್ಸು ಸುಮಾರು 50,000 ವರ್ಷಗಳಿಂದ 10,000 ವರ್ಷಗಳವರೆಗೆ ಹರಡಿದೆ. 40,000 ವರ್ಷಕ್ಕೆ 4,000 ತೋಳ ಎಂದರೆ ಸರಾಸರಿ ಹತ್ತು ವರ್ಷಕ್ಕೊಂದು. ಆ ಕಾಲದಲ್ಲಿ ನಾವೇನಾದರೂ ಅಲ್ಲಿ ಗುಡಿಸಲು ಹಾಕಿಕೊಂಡು ಬದುಕಿದ್ದರೆ, ಇಡೀ ಜೀವಮಾನದಲ್ಲಿ ನಾಲ್ಕೈದು ತೋಳ ಸಿಕ್ಕಿಬಿದ್ದದ್ದನ್ನು ನೋಡಿರುತ್ತಿದ್ದೆವು. ಊರಲ್ಲಿ ನಾಲ್ಕು ದಿನ ಮಾತಾಡಿಕೊಳ್ಳುವ ಸುದ್ದಿ, ಅಷ್ಟೆ.

ಡಾಂಬರಿನ ಉಪಯೋಗ ಇಲ್ಲಿನ ಮೂಲನಿವಾಸಿಗಳಿಗೆ ಗೊತ್ತಿತ್ತು. ಟೋಂಗ್ವಾ ಮತ್ತು ಚುಮಾಶ್ ಜನ ದೋಣಿಯ ಹಲಗೆಗಳ ಸಂದಿಗೂ ಬುಟ್ಟಿಗಳಿಗೂ ಇದನ್ನೇ ಬಳಿಯುತ್ತಿದ್ದರು. 1769ರಲ್ಲಿ ಸ್ಪೇನಿನ ಪೋರ್ತೊಲಾ ತಂಡದ ಜೊತೆ ಬಂದ ಪಾದ್ರಿ ಹ್ವಾನ್ ಕ್ರೆಸ್ಪಿ ಈ ಕುದಿಯುವ ಕಪ್ಪು ಒರತೆಗಳನ್ನು ದಿನಚರಿಯಲ್ಲಿ ಬರೆದುಕೊಂಡ. ದಾರಿಯುದ್ದಕ್ಕೂ ಭೂಮಿ ನಡುಗಿದ ಅನುಭವವಾಗಿದ್ದರಿಂದ, ನೆಲದಡಿ ಕರಗಿ ಹರಿಯುವ ಈ ವಸ್ತುವೇ ಅದಕ್ಕೆ ಕಾರಣವಿರಬಹುದೇ ಎಂಬ ಚರ್ಚೆಯೂ ತಂಡದಲ್ಲಿ ನಡೆಯಿತಂತೆ. 1828ರಲ್ಲಿ ಮೆಕ್ಸಿಕೊ ಸರ್ಕಾರ ಈ ಜಮೀನನ್ನು ಖಾಸಗಿಯವರಿಗೆ ಕೊಟ್ಟಾಗ ಒಂದು ಷರತ್ತು ಹಾಕಿತು: ಊರಿನವರು ತಮಗೆ ಬೇಕಾದಷ್ಟು ಡಾಂಬರು ಒಯ್ಯಲು ಅಡ್ಡಿ ಮಾಡಬಾರದು. ಮನೆಯ ಮಾಡಿಗೆ ಬಳಿಯಲು ಅದು ಎಲ್ಲರಿಗೂ ಬೇಕಾಗಿತ್ತು.

ಡಾಂಬರು ಅಗೆಯುವಾಗ ಮೂಳೆಗಳು ಸಿಗುತ್ತಲೇ ಇದ್ದವು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸಿಕ್ಕಿಬಿದ್ದ ದನಗಳದ್ದೋ ಕುದುರೆಗಳದ್ದೋ ಇರಬೇಕು ಅಂದುಕೊಂಡರು. ಅದು ತಪ್ಪು ಊಹೆಯೂ ಅಲ್ಲ, ಆಗಲೂ ದನಗಳು ಸಿಕ್ಕಿಬೀಳುತ್ತಿದ್ದವು. 1875ರಲ್ಲಿ ವಿಲಿಯಂ ಡೆಂಟನ್ ಎಂಬ ಭೂವಿಜ್ಞಾನಿ ಬಂದಾಗ ಜಮೀನಿನ ಒಡೆಯ ಹೆನ್ರಿ ಹ್ಯಾನ್‌ಕಾಕ್ ಅವನ ಕೈಗೆ ಒಂದು ಉದ್ದನೆಯ ಕೋರೆಹಲ್ಲು ಕೊಟ್ಟ. ಇದು ದನದ್ದಲ್ಲ, ಅಳಿದುಹೋದ ಕತ್ತಿಹಲ್ಲಿನ ಬೆಕ್ಕಿನದ್ದು ಎಂದು ಡೆಂಟನ್ ಗುರುತಿಸಿದ, ಪ್ರಕಟಿಸಿಯೂ ಬಿಟ್ಟ. ವಿಜ್ಞಾನ ಜಗತ್ತು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದೆ ಕಾಲು ಶತಮಾನ ಅಲ್ಲಿಂದ ಸಾಗಿದ್ದು ಡಾಂಬರು ಮಾತ್ರ, ಸ್ಯಾನ್‌ಫ್ರಾನ್ಸಿಸ್ಕೊದ ರಸ್ತೆಗಳಿಗೆ. ಆ ಹೊರೆಯ ಜೊತೆ ಎಷ್ಟು ತೋಳಗಳ ಬೆನ್ನುಮೂಳೆ ರಸ್ತೆ ಸೇರಿತೋ ಹೇಳುವವರಿಲ್ಲ.

1901ರಲ್ಲಿ ಎಣ್ಣೆ ಹುಡುಕುತ್ತ ಬಂದ ಡಬ್ಲ್ಯೂ. ಡಬ್ಲ್ಯೂ. ಆರ್ಕಟ್ ಎಂಬ ಭೂವಿಜ್ಞಾನಿ ಮೂಳೆಗಳನ್ನು ಮತ್ತೆ ನೋಡಿದ. ಬರ್ಕ್ಲಿ ವಿಶ್ವವಿದ್ಯಾಲಯದ ಜಾನ್ ಮೆರಿಯಂ ತಂಡ ಬಂತು. ಲಾಸ್ ಏಂಜಲೀಸ್ ಹೈಸ್ಕೂಲಿನ ಮೇಷ್ಟ್ರು ಜೇಮ್ಸ್ ಗಿಲ್ಬರ್ಟ್ ವಿದ್ಯಾರ್ಥಿಗಳನ್ನೇ ಕರೆತಂದು ಅಗೆಸಿದರು. ಮೂಳೆಗಳೆಲ್ಲ ಊರು ಬಿಟ್ಟು ಹೋಗುತ್ತಿವೆ ಎಂದು ಅರಿವಾದ ಮೇಲೆ ಹೆನ್ರಿಯ ಮಗ ಜಾರ್ಜ್ ಆ್ಯಲನ್ ಹ್ಯಾನ್‌ಕಾಕ್ 1913ರಲ್ಲಿ ಲಾಸ್ ಏಂಜಲೀಸ್ ಕೌಂಟಿಗೆ ಎರಡು ವರ್ಷದ ಏಕಸ್ವಾಮ್ಯ ಕೊಟ್ಟ. ಆ ಎರಡು ವರ್ಷದಲ್ಲಿ 96 ಕಡೆ ಗುಂಡಿ ತೋಡಿದರು. ಹೆಚ್ಚಿನವು ಬರಡು, ಕೆಲವು ಗುಂಡಿಗಳಲ್ಲಿ ಮಾತ್ರ ತಲೆಬುರುಡೆಗಳ ಮೇಲೆ ತಲೆಬುರುಡೆ. ಇಂದಿಗೂ ಲಾ ಬ್ರೆಯಾ ಸಂಗ್ರಹದ ದೊಡ್ಡ ಮೂಳೆಗಳಲ್ಲಿ ಬಹುಪಾಲು ಆ ಎರಡು ವರ್ಷದ ದುಡಿಮೆ. 1924ರಲ್ಲಿ ಹ್ಯಾನ್‌ಕಾಕ್ 23 ಎಕರೆಯನ್ನು ಕೌಂಟಿಗೆ ದಾನ ಕೊಟ್ಟ. ಇವತ್ತಿನ ಹ್ಯಾನ್‌ಕಾಕ್ ಪಾರ್ಕ್ ಅದೇ.

ಈಗಿನ ಮ್ಯೂಸಿಯಂ ಕಟ್ಟಡ 1977ರದ್ದು. ಅದನ್ನು ಕಟ್ಟಿಸಿದ ಜಾರ್ಜ್ ಪೇಜ್ ನೆಬ್ರಾಸ್ಕದ ಹುಡುಗ. ಚಿಕ್ಕವನಿದ್ದಾಗ ತಿಂದ ಕಿತ್ತಳೆ ಹಣ್ಣಿನ ರುಚಿಗೆ ಮರುಳಾಗಿ, ಇದು ಬೆಳೆಯುವ ಊರಿಗೇ ಹೋಗಬೇಕೆಂದು ಕ್ಯಾಲಿಫೋರ್ನಿಯಾಕ್ಕೆ ಬಂದವನು. ಹಣ್ಣಿನ ಉಡುಗೊರೆ ಬುಟ್ಟಿಗಳನ್ನು ಮಾರಿಯೇ ಶ್ರೀಮಂತನಾದ. ಮೂಳೆಗಳು ಸಿಕ್ಕಿದ ಜಾಗ ಒಂದೆಡೆ, ಅವನ್ನು ನೋಡಬೇಕಾದ ಮ್ಯೂಸಿಯಂ ಊರಿನ ಇನ್ನೊಂದು ಮೂಲೆಯಲ್ಲಿ ಇದ್ದದ್ದು ಅವನಿಗೆ ಸರಿಬರಲಿಲ್ಲವಂತೆ. ಅವನ ದುಡ್ಡಿನಿಂದ ಗುಂಡಿಗಳ ಪಕ್ಕದಲ್ಲೇ ಮ್ಯೂಸಿಯಂ ಎದ್ದಿತು. ಅದರ ಸುತ್ತಲಿನ ಹುಲ್ಲಿನ ಇಳಿಜಾರುಗಳ ಮೇಲೆ ಮಕ್ಕಳು ಉರುಳಾಡುತ್ತಾರೆ. ಅದೇ ಹುಲ್ಲಿನ ನಡುವೆ ಅಲ್ಲಲ್ಲಿ ಹೊಸ ಡಾಂಬರು ಜಿನುಗಿ ಬರುತ್ತದೆ. ಅಲ್ಲೊಂದು ಕಿತ್ತಳೆ ಬಣ್ಣದ ಟ್ರಾಫಿಕ್ ಕೋನ್ ಇಟ್ಟು ಹೋಗುತ್ತಾರೆ.

ಒಳಗೆ ಎಲ್ಲರೂ ಹುಡುಕುವುದು ಸ್ಮೈಲೊಡಾನನ್ನು. ಕ್ಯಾಲಿಫೋರ್ನಿಯಾ 1973ರಲ್ಲಿ ಅದನ್ನು ರಾಜ್ಯದ ಅಧಿಕೃತ ಪಳೆಯುಳಿಕೆ ಎಂದು ಘೋಷಿಸಿದೆ. ಸಿಂಹಕ್ಕಿಂತ ಗಿಡ್ಡ, ಅದಕ್ಕಿಂತ ದಪ್ಪ, ಮುಂಗಾಲುಗಳಲ್ಲಿ ಕುಸ್ತಿ ಪೈಲ್ವಾನನ ಬಲ, ಏಳು ಅಂಗುಲದ ಕೋರೆ. ಆದರೆ ನಮ್ಮೆದುರು ನಿಂತಿರುವುದು ಒಂದು ಬೆಕ್ಕು ಅಲ್ಲ. ಡಾಂಬರಿನೊಳಗೆ ಮೂಳೆಗಳು ಕಲಸಿಹೋಗಿರುತ್ತವೆ. ಒಂದೇ ಪ್ರಾಣಿಯ ತಲೆ, ಬೆನ್ನು, ಕಾಲು ಒಟ್ಟಿಗೆ ಸಿಗುವುದು ಅಪರೂಪ. ಹಾಗಾಗಿ ಇಲ್ಲಿನ ಬಹುತೇಕ ಅಸ್ಥಿಪಂಜರಗಳು ಹತ್ತಾರು ಪ್ರಾಣಿಗಳ ಮೂಳೆ ಸೇರಿಸಿ ನಿಲ್ಲಿಸಿದವು. ತಲೆ ಒಂದರದ್ದು, ಸೊಂಟ ಇನ್ನೊಂದರದ್ದು. ಎರಡರ ನಡುವೆ ಸಾವಿರಾರು ವರ್ಷಗಳ ಅಂತರವೂ ಇರಬಹುದು.

ಮೂಳೆಗಳ ಬಣ್ಣವನ್ನು ಹತ್ತಿರದಿಂದ ನೋಡಬೇಕು. ಬೇರೆ ಕಡೆ ಪಳೆಯುಳಿಕೆ ಅಂದರೆ ಮೂಳೆ ಹೋಗಿ ಕಲ್ಲಾದದ್ದು. ಇಲ್ಲಿ ಹಾಗಲ್ಲ, ಇದು ಮೂಲ ಮೂಳೆಯೇ. ಸಣ್ಣ ರಂಧ್ರಗಳಿಗೆಲ್ಲ ಡಾಂಬರು ಇಳಿದು ಗಾಢ ಕಂದು ಬಣ್ಣಕ್ಕೆ ತಿರುಗಿದೆ. ರಕ್ತನಾಳ ಹಾದುಹೋದ ತೂತು, ಸ್ನಾಯು ಅಂಟಿಕೊಂಡಿದ್ದ ಒರಟು ಗೆರೆ, ಹಲ್ಲಿನ ಅಂಚಿನ ಸವೆತ ಎಲ್ಲವೂ ಹಾಗೇ ಇವೆ.

ನನ್ನನ್ನು ಕಟ್ಟಿ ನಿಲ್ಲಿಸಿದ್ದು ಮಾತ್ರ ಒಂದು ಗೋಡೆ. ಉದ್ದಕ್ಕೂ ಡೈರ್ ವುಲ್ಫ್ ತಲೆಬುರುಡೆಗಳನ್ನು ಸಾಲುಸಾಲಾಗಿ ಜೋಡಿಸಿ ಹಿಂದಿನಿಂದ ಹಳದಿ ಬೆಳಕು ಬಿಟ್ಟಿದ್ದಾರೆ. ಒಟ್ಟು 404. ದೂರದಿಂದ ಎಲ್ಲವೂ ಒಂದೇ ಅಚ್ಚಿನವು. ಹತ್ತಿರ ಹೋದರೆ ಒಂದೂ ಇನ್ನೊಂದರಂತಿಲ್ಲ. ಒಂದರ ಮೂತಿ ಉದ್ದ, ಪಕ್ಕದ್ದರ ಮೂತಿ ಮೊಟಕು. ಒಂದರ ಕೋರೆ ಮುರಿದು ಅಂಚು ನುಣುಪಾಗಿದೆ, ಅಂದರೆ ಮುರಿದ ಮೇಲೂ ಬಹುಕಾಲ ಆ ಹಲ್ಲಿನಲ್ಲೇ ಅಗಿದಿದೆ. ತಲೆಯ ನಡುವಿನ ಏಣು ಕೆಲವಕ್ಕೆ ಎತ್ತರ, ಕೆಲವಕ್ಕೆ ತಗ್ಗು. ಜನ ಇದರ ಮುಂದೆ ಸೆಲ್ಫಿ ತೆಗೆದುಕೊಂಡು ಮ್ಯಾಮತ್ ಕಡೆ ನಡೆಯುತ್ತಾರೆ. ನನ್ನ ಪ್ರಕಾರ ಇಡೀ ಮ್ಯೂಸಿಯಂನಲ್ಲಿ ಹೊತ್ತು ಕಳೆಯಬೇಕಾದ ಜಾಗ ಈ ಗೋಡೆಯೇ.

ಕಾರಣ, ಪಳೆಯುಳಿಕೆ ಲೋಕದಲ್ಲಿ ಬಹುಪಾಲು ಪ್ರಾಣಿಗಳನ್ನು ನಾವು ಬಲ್ಲದ್ದು ಒಂದೋ ಎರಡೋ ಮೂಳೆಗಳಿಂದ. ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಅಳಿದುಹೋದ ಘೇಂಡಾಮೃಗವೊಂದರ ಪಳೆಯುಳಿಕೆ ಸಿಕ್ಕಿತ್ತು. 1874ರಲ್ಲಿ ಅದಕ್ಕೆ ರೈನೊಸೆರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟು ಪ್ರಕಟಿಸಿದರು. ಬಯಲುಸೀಮೆಯಲ್ಲಿ ಘೇಂಡಾಮೃಗ ಓಡಾಡುತ್ತಿತ್ತು ಎಂಬ ಅಮೂಲ್ಯ ಸುದ್ದಿ ಅದರಿಂದ ನಮಗೆ ಸಿಕ್ಕಿತು. ಆದರೆ ಅಂಥ ಬಿಡಿ ಮೂಳೆಯನ್ನು ಹಿಡಿದು ಈ ಜಾತಿಯ ಪ್ರಾಣಿಗಳಿಗೆ ಎಷ್ಟು ಬಾರಿ ಹಲ್ಲು ಮುರಿಯುತ್ತಿತ್ತು, ಬರಗಾಲದಲ್ಲಿ ಅವು ಬಡಕಲಾಗುತ್ತಿದ್ದವೇ, ಪೆಟ್ಟು ಬಿದ್ದರೆ ಎಲ್ಲಿ ಬೀಳುತ್ತಿತ್ತು ಎಂದು ಕೇಳಲಾಗದು. ಲಾ ಬ್ರೆಯಾದಲ್ಲಿ ಕೇಳಬಹುದು. ಇಲ್ಲಿ ಇರುವುದು ಬಿಡಿ ಮಾದರಿಯಲ್ಲ, ಇಡೀ ಸಮುದಾಯ.

ಕೇಳಿದವರಿಗೆ ಉತ್ತರವೂ ಸಿಕ್ಕಿದೆ. 2017ರಲ್ಲಿ ಕೇಟ್ಲಿನ್ ಬ್ರೌನ್, ಬ್ಲೇರ್ ವಾನ್ ವಾಲ್ಕನ್‌ಬರ್ಗ್ ಮತ್ತು ಸಂಗಡಿಗರು 35,000ಕ್ಕೂ ಹೆಚ್ಚು ಮೂಳೆಗಳನ್ನು ಒಂದೊಂದಾಗಿ ನೋಡಿ ಗಾಯದ ಗುರುತುಗಳ ಲೆಕ್ಕ ತೆಗೆದರು. ಸ್ಮೈಲೊಡಾನ್ ಮೂಳೆಗಳಲ್ಲಿ ಶೇಕಡ 4.3ರಷ್ಟಕ್ಕೆ ಪೆಟ್ಟಾಗಿತ್ತು, ಡೈರ್ ವುಲ್ಫ್ ಮೂಳೆಗಳಲ್ಲಿ ಶೇಕಡ 2.8ರಷ್ಟಕ್ಕೆ. ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎನ್ನುವುದು ಕುತೂಹಲದ್ದು. ಬೆಕ್ಕಿಗೆ ಪೆಟ್ಟು ಬಿದ್ದದ್ದು ಹೆಗಲಿಗೆ ಮತ್ತು ಸೊಂಟದ ಮೇಲಿನ ಬೆನ್ನಿಗೆ. ಹೊಂಚುಹಾಕಿ ಹಾರಿ, ಕಾಡೆಮ್ಮೆಯನ್ನು ಅಪ್ಪಿ ಹಿಡಿದು ಕೆಡವುವಾಗ ಉಳುಕುವ ಜಾಗಗಳವು. ತೋಳಕ್ಕೆ ಪೆಟ್ಟು ಕಾಲಿಗೆ ಮತ್ತು ಕುತ್ತಿಗೆಗೆ. ಓಡಿಸಿಕೊಂಡು ಹೋಗಿ ಬಾಯಿಂದ ಹಿಡಿದಾಗ ಒದೆ ತಿನ್ನುವ, ಎಳೆದಾಡಿಸಿಕೊಳ್ಳುವ ಪ್ರಾಣಿಗೆ ಆಗುವ ಗಾಯ. ಯಾರೂ ಕಣ್ಣಾರೆ ಕಾಣದ ಬೇಟೆಯ ಪದ್ಧತಿಯನ್ನು ಮೂಳೆಯ ಮೇಲಿನ ಗಂಟುಗಳು ತೋರಿಸಿಕೊಟ್ಟವು.

ಸೊಂಟದ ಮೂಳೆಯೊಂದರ ಕಥೆಯೂ ಇದೆ. ವಯಸ್ಕ ಸ್ಮೈಲೊಡಾನ್‌ನದ್ದು. ಕೀಲಿನ ಬಟ್ಟಲು ವಿಕಾರವಾಗಿತ್ತು. ಪೆಟ್ಟಿನಿಂದಲೋ ಸೋಂಕಿನಿಂದಲೋ ಆಗಿರಬೇಕು ಎಂದೇ ದಶಕಗಳ ಕಾಲ ನಂಬಿಕೆ. ಮೈರಿನ್ ಬಲಿಸಿ ಮತ್ತು ಸಂಗಡಿಗರು ಮೂಳೆ ವೈದ್ಯರ ನೆರವಿನಿಂದ ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದರು. 2021ರಲ್ಲಿ ಬಂದ ಫಲಿತಾಂಶ: ಇದು ಹಿಪ್ ಡಿಸ್‌ಪ್ಲೇಸಿಯಾ, ಇಂದು ಸಾಕುನಾಯಿಗಳಲ್ಲಿ ಕಾಣುವ, ಎಳವೆಯಿಂದಲೇ ಬರುವ ತೊಂದರೆ. ಅಂದರೆ ಈ ಬೆಕ್ಕು ಯಾವತ್ತೂ ಸರಿಯಾಗಿ ಓಡಿದ್ದೇ ಇಲ್ಲ, ಹಾರಿದ್ದೇ ಇಲ್ಲ. ಆದರೂ ಪ್ರಾಯಕ್ಕೆ ಬಂದಿತ್ತು. ಯಾರೋ ಬೇಟೆಯಾಡಿದ್ದರಲ್ಲಿ ಅದಕ್ಕೆ ಪಾಲಿತ್ತು ಎಂದೇ ವಿಜ್ಞಾನಿಗಳ ಊಹೆ. ಒಂಟಿಯಾಗಿ ಬಾಳುವ ಬೆಕ್ಕುಗಳ ವಂಶದಲ್ಲಿ ಇದು ಗುಂಪಿನಲ್ಲಿ ಬಾಳುತ್ತಿತ್ತೇ ಎಂಬ ಹಳೆಯ ವಾದಕ್ಕೆ ಆ ಮೂಳೆ ಹೊಸ ಸಾಕ್ಷಿಯಾಯಿತು.

ಡೈರ್ ವುಲ್ಫ್ ಹೆಸರು ಮೊದಲೆಲ್ಲ ಪಳೆಯುಳಿಕೆ ತಜ್ಞರಿಗಷ್ಟೇ ಗೊತ್ತಿತ್ತು. ಒಂದು ಟಿ.ವಿ. ಧಾರಾವಾಹಿಯಿಂದ ಮನೆಮಾತಾಯಿತು. 2025ರಲ್ಲಿ ಕೊಲೊಸಲ್ ಎಂಬ ಅಮೆರಿಕದ ಕಂಪನಿ ಡೈರ್ ವುಲ್ಫನ್ನು ಮರಳಿ ತಂದಿದ್ದೇವೆ ಎಂದು ಮೂರು ಬಿಳಿ ಮರಿಗಳನ್ನು ತೋರಿಸಿತು. ಬೂದು ತೋಳದ ವಂಶವಾಹಿಯಲ್ಲಿ 20 ತಿದ್ದುಪಡಿ ಮಾಡಿ ಹುಟ್ಟಿಸಿದ ಮರಿಗಳು ಅವು. ಅದಕ್ಕೆ ಬೇಕಾದ ಹಳೆಯ ಡಿ.ಎನ್.ಎ. ಬಂದದ್ದು ಓಹಾಯೊದ ಒಂದು ಹಲ್ಲು ಮತ್ತು ಐಡಹೊದ ಒಂದು ತಲೆಬುರುಡೆಯಿಂದ. ನಾಲ್ಕು ಸಾವಿರ ತೋಳ ಇರುವ ಲಾ ಬ್ರೆಯಾದಿಂದ ಅಲ್ಲ. ಮೂಳೆಯ ಆಕಾರವನ್ನು ಇಷ್ಟು ಚೆನ್ನಾಗಿ ಕಾಪಾಡಿದ ಡಾಂಬರಿನಿಂದ ಡಿ.ಎನ್.ಎ. ಹೊರತೆಗೆಯುವುದು ವಿಜ್ಞಾನಿಗಳಿಗೆ ತೀರಾ ಕಷ್ಟವಾಗಿದೆ. 2021ರ ಅಧ್ಯಯನವೊಂದರಲ್ಲಿ ಲಾ ಬ್ರೆಯಾ ಕೊಟ್ಟದ್ದು ಪ್ರೊಟೀನ್ ಮಾತ್ರ, ಡಿ.ಎನ್.ಎ. ಬೇರೆ ರಾಜ್ಯಗಳ ಮೂಳೆಗಳದ್ದು. ಬೂದು ತೋಳದ ವಂಶ ಮತ್ತು ಡೈರ್ ವುಲ್ಫ್ ವಂಶ ಸುಮಾರು 57 ಲಕ್ಷ ವರ್ಷ ಹಿಂದೆಯೇ ಕವಲೊಡೆದಿದ್ದವು, ನೋಡಲು ತೋಳವಾದರೂ ನೆಂಟಸ್ತನ ದೂರದ್ದು ಎಂದು ಆ ಅಧ್ಯಯನ ಹೇಳಿತು. ಮೆರಿಯಂ 1918ರಲ್ಲೇ ಅದಕ್ಕೆ ಈನೊಸಯಾನ್ ಎಂಬ ಬೇರೆ ಕುಲನಾಮ ಸೂಚಿಸಿದ್ದರು. ಬಹುಕಾಲ ಹೆಚ್ಚಿನವರು ಒಪ್ಪದಿದ್ದ ಆ ಹೆಸರು ಈಗ ಚಾಲ್ತಿಗೆ ಬಂದಿದೆ. ಆ ಮೂರು ಮರಿಗಳ ಬಗ್ಗೆ ನನಗೆ ಹೆಚ್ಚು ಉತ್ಸಾಹವಿಲ್ಲ. ಬಿಳಿ ಕೂದಲಿನ ಬೂದು ತೋಳಗಳು, ಚೆನ್ನಾಗಿವೆ.

ಮ್ಯಾಮತ್‌ಗೆ ಅನ್ಯಾಯ ಮಾಡಬಾರದು. ಪಕ್ಕದ ಕಲಾ ಮ್ಯೂಸಿಯಂ ನೆಲದಡಿ ಕಾರು ನಿಲ್ದಾಣ ಕಟ್ಟಲು 2006ರಲ್ಲಿ ಅಗೆದಾಗ ಒಂದು ಸಿಕ್ಕಿತು. ಅದಕ್ಕೆ ಜೆಡ್ ಎಂದು ಹೆಸರು. ಡಾಂಬರಿನ ಗುಂಡಿಯಲ್ಲಿ ಕಲಸಿಹೋಗದೆ ಹಳೆಯ ಹೊಳೆಪಾತ್ರದಲ್ಲಿ ಹೂತಿದ್ದರಿಂದ ಅದರ ಶೇಕಡ 80ರಷ್ಟು ಮೂಳೆ ಒಂದೇ ಕಡೆ ಉಳಿದಿತ್ತು, ಹತ್ತಡಿ ದಂತಗಳ ಸಮೇತ. ಅದೇ ಅಗೆತದಲ್ಲಿ 16 ಹೊಸ ಪಳೆಯುಳಿಕೆ ನಿಕ್ಷೇಪಗಳೂ ಹೊರಬಿದ್ದವು. ಕಟ್ಟಡದ ಕೆಲಸ ವರ್ಷಗಟ್ಟಲೆ ನಿಲ್ಲಿಸುವಂತಿಲ್ಲ. ದೊಡ್ಡ ಮರಗಳನ್ನು ಬೇರು ಸಮೇತ ಸಾಗಿಸುವವರ ಉಪಾಯ ಕೈಹಿಡಿಯಿತು. ಪ್ರತಿ ನಿಕ್ಷೇಪದ ಸುತ್ತಲೂ ಮಣ್ಣು ತೆಗೆದು, ಅದಕ್ಕೆ ಮರದ ಪೆಟ್ಟಿಗೆ ಹೊಡೆದು, ಕ್ರೇನಿನಲ್ಲಿ ಎತ್ತಿ ಪಕ್ಕಕ್ಕೆ ತಂದಿಟ್ಟರು. ಒಟ್ಟು 23 ಪೆಟ್ಟಿಗೆ. ಹಗುರದ್ದು ಐದು ಟನ್, ಭಾರದ್ದು ಐವತ್ತು ಟನ್ನಿಗೂ ಮೇಲೆ. ಪ್ರಾಜೆಕ್ಟ್ 23 ಎಂಬ ಹೆಸರು ಬಂದದ್ದು ಹಾಗೆ. 2008ರಲ್ಲಿ ಆ ಪೆಟ್ಟಿಗೆಗಳ ಅಗೆತ ಶುರುವಾಯಿತು.

ಇಲ್ಲಿಗೆ ಬಂದಾಗ ಕೆಲಸದ ರೀತಿಯೇ ಬೇರೆ. 1913ರ ತಂಡ ದೊಡ್ಡ, ಚೆಂದದ ಮೂಳೆಗಳನ್ನು ಎತ್ತಿಕೊಂಡು ಮಣ್ಣನ್ನು ಚೆಲ್ಲಿತ್ತು. 1969ರಲ್ಲಿ 91ನೇ ಗುಂಡಿಯನ್ನು ಮತ್ತೆ ತೆರೆದಾಗ ಆ ಹಳೆಯ ಅಭ್ಯಾಸ ಬಿಟ್ಟು, ಬೀಜ, ಜೀರುಂಡೆಯ ರೆಕ್ಕೆ, ಹಾವಿನ ಬೆನ್ನುಮೂಳೆಯ ಚೂರು, ಇಲಿಯ ಹಲ್ಲು ಯಾವುದನ್ನೂ ಬಿಡದೆ ಬಾಚಿಕೊಳ್ಳತೊಡಗಿದರು. ಮಣ್ಣನ್ನು ದ್ರಾವಕದಲ್ಲಿ ತೊಳೆದು ಡಾಂಬರು ಬಿಡಿಸುತ್ತಾರೆ, ಉಳಿದ ಮರಳನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ ಕುಂಚದ ತುದಿಯಿಂದ ಒಂದೊಂದೇ ಕಾಳು ಬೇರ್ಪಡಿಸುತ್ತಾರೆ. ಮ್ಯೂಸಿಯಂ ನಡುವೆ ಗಾಜಿನ ಗೋಡೆಯ ಪ್ರಯೋಗಾಲಯವಿದೆ, ಈ ಕೆಲಸವನ್ನು ಹೊರಗೆ ನಿಂತು ನೋಡಬಹುದು. ಮಾಡುವವರಲ್ಲಿ ಬಹಳಷ್ಟು ಮಂದಿ ಸ್ವಯಂಸೇವಕರು, ನಿವೃತ್ತರೂ ಉಂಟು. ಅಕ್ಕಿ ಆರಿಸಿ ಅಭ್ಯಾಸವಿರುವ ನಮ್ಮ ತಾಯಂದಿರಿಗೆ ಇಲ್ಲಿ ಕೂಡಲೇ ಕೆಲಸ ಸಿಗುತ್ತದೆ ಅನ್ನಿಸಿತು.

ಆ ಚೂರುಗಳ ಬೆಲೆ ಸಣ್ಣದಲ್ಲ. 1970ರಲ್ಲಿ 91ನೇ ಗುಂಡಿಯಿಂದ ತೆಗೆದಿದ್ದ, ಎಲೆ ಸುತ್ತಿದ ಎರಡು ಪುಟ್ಟ ಕೊಳವೆಗಳು ದಶಕಗಟ್ಟಲೆ ಸಂಗ್ರಹದಲ್ಲೇ ಬಿದ್ದಿದ್ದವು. ಆ್ಯನಾ ಹೋಲ್ಡನ್ ಅವನ್ನು ಮೈಕ್ರೊ ಸಿ.ಟಿ. ಯಂತ್ರದಲ್ಲಿಟ್ಟಾಗ ಒಳಗೆ ಎಲೆ ಕತ್ತರಿಸುವ ಜೇನಿನ ಕೋಶಾವಸ್ಥೆಯ ಮರಿಗಳು ಕಂಡವು. 2014ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ತಾಯಿ ಜೇನು ನೆಲದಲ್ಲಿ ಗೂಡು ಮಾಡಿತ್ತು, ಡಾಂಬರು ಗೂಡಿಗೇ ನುಗ್ಗಿತ್ತು. ಈ ಜಾತಿ ಇಂದಿಗೂ ಬದುಕಿದೆ, ಯಾವ ಹವೆ ಅದಕ್ಕೆ ಒಗ್ಗುತ್ತದೆ ಎಂಬುದೂ ಗೊತ್ತಿದೆ. ಮ್ಯಾಮತ್ ಎಲ್ಲೆಲ್ಲಿಗೋ ಅಲೆಯುತ್ತದೆ, ಈ ಜೇನಿನ ಮರಿ ಹುಟ್ಟಿದಲ್ಲೇ ಸತ್ತಿದೆ. ಆ ಜಾಗದ ಹವಾಮಾನಕ್ಕೆ ಅದರಷ್ಟು ಖಾತ್ರಿಯ ಸಾಕ್ಷಿ ಬೇರೊಂದಿಲ್ಲ. 2020ರಲ್ಲಿ ಪ್ರಾಜೆಕ್ಟ್ 23ರ ಪೆಟ್ಟಿಗೆಯಿಂದ ಬಂದ ಸುದ್ದಿ ಇನ್ನೂ ಸ್ವಾರಸ್ಯದ್ದು: ಸುಮಾರು 50,000 ವರ್ಷ ಹಳೆಯ ಕಾಡಿಲಿಯ ಗೂಡು, ನೂರಾರು ಹಿಕ್ಕೆಗಳ ಸಮೇತ. ಹಿಕ್ಕೆಯಲ್ಲಿ ಅದು ತಿಂದ ಗಿಡದ ಗುರುತು, ಗಿಡದಲ್ಲಿ ಆ ಕಾಲದ ಮಳೆಯ ಗುರುತು.

ಹಾಗಾದರೆ ಡೈರ್ ವುಲ್ಫ್, ಸ್ಮೈಲೊಡಾನ್ ಇವೆಲ್ಲ ಸತ್ತದ್ದೇಕೆ? ಡಾಂಬರಿಗೆ ಸಿಕ್ಕಿ ಅಲ್ಲ, ಅದು ಹತ್ತು ವರ್ಷಕ್ಕೊಂದು ತೋಳದ ಮಾತು. ಇಡೀ ಜಾತಿಗಳೇ ಅಳಿದದ್ದೇಕೆ? ಹಸಿವು ಎಂಬುದು ಹಳೆಯ ಉತ್ತರ. ಮೇಯುವ ಪ್ರಾಣಿಗಳು ಕಡಿಮೆಯಾದವು, ತಿನ್ನುವವು ಸೊರಗಿ ಸತ್ತವು ಎಂದು. ಸೊರಗಿದ್ದರೆ ಹಲ್ಲಿನಲ್ಲಿ ಕಾಣಬೇಕು. ಮಾಂಸ ಸಾಲದಾದಾಗ ಪ್ರಾಣಿ ಮೂಳೆಯನ್ನೂ ಅಗಿಯುತ್ತದೆ, ಹಲ್ಲು ಮುರಿಯುತ್ತದೆ. ಬೇರೆ ಬೇರೆ ಗುಂಡಿಗಳು ಬೇರೆ ಬೇರೆ ಕಾಲದವಾದ್ದರಿಂದ ಹೋಲಿಸಬಹುದು. 13ನೇ ಗುಂಡಿಯ ತೋಳಗಳು ಗಿಡ್ಡ, ಹಲ್ಲು ಮುರಿದವು ಜಾಸ್ತಿ, ಅವು ನಿಜಕ್ಕೂ ಕಷ್ಟ ಕಂಡಿದ್ದವು. ಆದರೆ ಅವು ಅಳಿವಿಗೆ ಸಾವಿರಾರು ವರ್ಷ ಮೊದಲಿನವು. ಅಳಿವಿನ ಹೊಸ್ತಿಲಿಗೆ ಹತ್ತಿರದ 61 ಮತ್ತು 67ನೇ ಗುಂಡಿಗಳ ತೋಳಗಳು ಮೈತುಂಬಿಕೊಂಡಿದ್ದವು, ಹಲ್ಲುಗಳೂ ಅಷ್ಟಾಗಿ ಮುರಿದಿಲ್ಲ. ಸ್ಮೈಲೊಡಾನ್ ಹಲ್ಲಿನ ಸೂಕ್ಷ್ಮ ಗೀರುಗಳನ್ನು ನೋಡಿದ ಲರಿಸಾ ಡಿಸ್ಯಾಂಟಿಸ್ ಅವರಿಗೂ 2012ರಲ್ಲಿ ಕೊನೆಗಾಲದ ಹಸಿವಿನ ಸುಳಿವು ಸಿಗಲಿಲ್ಲ. ಅಂದರೆ ಚೆನ್ನಾಗಿ ತಿಂದುಂಡುಕೊಂಡಿದ್ದಾಗಲೇ ಏನೋ ಆಯಿತು.

ಏನು ಎಂಬುದಕ್ಕೆ 2023ರಲ್ಲಿ ರಾಬಿನ್ ಓಕೀಫ್, ರೀಗನ್ ಡನ್, ಎಮಿಲಿ ಲಿಂಡ್ಸೆ ಮೊದಲಾದವರು ಒಂದು ಉತ್ತರ ಕೊಟ್ಟರು. ಎಂಟು ಜಾತಿಯ 172 ಮೂಳೆಗಳ ವಯಸ್ಸನ್ನು ಕಾರ್ಬನ್ ವಿಧಾನದಿಂದ ಒಂದೊಂದಾಗಿ ಲೆಕ್ಕಹಾಕಿದರು. ಮೂಳೆಯಲ್ಲಿ ತುಂಬಿರುವ ಡಾಂಬರೂ ಕಾರ್ಬನ್ನೇ, ಅದನ್ನು ಪೂರ್ತಿ ತೊಳೆಯದಿದ್ದರೆ ವಯಸ್ಸು ಎಲ್ಲೋ ಹೋಗಿ ನಿಲ್ಲುತ್ತದೆ. ಹೀಗಾಗಿ ಒಂದೊಂದು ಮೂಳೆಯೂ ಸಾಕಷ್ಟು ಕಾಡಿಸಿರಬೇಕು. ಸುಮಾರು 12,900 ವರ್ಷ ಹಿಂದಿನ ಹೊತ್ತಿಗೆ ಏಳು ಜಾತಿಗಳು ಲಾ ಬ್ರೆಯಾದಿಂದ ಪೂರ್ತಿ ಮಾಯ: ಡೈರ್ ವುಲ್ಫ್, ಸ್ಮೈಲೊಡಾನ್, ಅಮೆರಿಕದ ಸಿಂಹ, ಪುರಾತನ ಕಾಡೆಮ್ಮೆ, ಕುದುರೆ, ಒಂಟೆ, ನೆಲದ ಮೇಲೆ ಬಾಳುತ್ತಿದ್ದ ದೈತ್ಯ ಸ್ಲಾತ್. ಅದೇ ಪ್ರಾಂತದ ಎಲ್ಸಿನೋರ್ ಸರೋವರದ ತಳದ ಕೆಸರಿನಲ್ಲಿ ಆ ಹೊತ್ತಿಗೇ ಇದ್ದಿಲಿನ ಪದರ ದಿಢೀರನೆ ದಪ್ಪಗಾಗುತ್ತದೆ. ಬೆಂಕಿ. ಹವೆ ಬಿಸಿಯಾಗಿ ಒಣಗುತ್ತಿತ್ತು, ಮೇಯುವ ಪ್ರಾಣಿಗಳು ಕಡಿಮೆಯಾಗಿ ಪೊದೆ ಬೆಳೆದಿತ್ತು, ಮನುಷ್ಯರ ಸಂಖ್ಯೆ ಏರುತ್ತಿತ್ತು, ಅವರ ಕೈಯಲ್ಲಿ ಕಿಡಿಯಿತ್ತು. ಕೆಲವೇ ಶತಮಾನಗಳಲ್ಲಿ ಕಾಡು ಸುಟ್ಟು ಇಂದಿನ ಕುರುಚಲು ಗುಡ್ಡವಾಯಿತು ಎಂಬುದು ಅವರ ವಾದ. ಎಲ್ಲರೂ ಒಪ್ಪಿಲ್ಲ. ಇಡೀ ಖಂಡದ ಅಳಿವನ್ನು ಒಂದು ಊರಿನ ಬೆಂಕಿಯಿಂದ ವಿವರಿಸಲಾಗದು ಎನ್ನುವವರಿದ್ದಾರೆ. ಆದರೂ ಬೇಸಿಗೆ ಬಂತೆಂದರೆ ಗುಡ್ಡಗಳ ಕಡೆ ಹೊಗೆ ನೋಡುತ್ತ ಬದುಕುವ ಕ್ಯಾಲಿಫೋರ್ನಿಯಾದವರಿಗೆ ಈ ವಾದವನ್ನು ಕೇವಲ ಹಳೆಯ ಕಾಲದ ಮಾತಾಗಿ ಓದುವುದು ಕಷ್ಟ.

ಪರೀಕ್ಷಿಸಿದ ಎಂಟು ಜಾತಿಗಳಲ್ಲಿ ಉಳಿದುಕೊಂಡ ಎಂಟನೆಯದು ಕಾಯೋಟಿ. ಹಿಮಯುಗದ ಕಾಯೋಟಿ ಇಂದಿನದ್ದಕ್ಕಿಂತ ಗಟ್ಟಿಮುಟ್ಟಾಗಿತ್ತು, ದವಡೆ ದಪ್ಪವಿತ್ತು ಎಂದು ಇಲ್ಲಿನ ಮೂಳೆಗಳೇ ಹೇಳುತ್ತವೆ. ದೊಡ್ಡ ಬೇಟೆಯೂ ದೊಡ್ಡ ಎದುರಾಳಿಗಳೂ ಹೋದ ಮೇಲೆ ಅದು ಒಂದೆರಡು ಸಾವಿರ ವರ್ಷಗಳಲ್ಲಿ ಮೈ ಕುಗ್ಗಿಸಿಕೊಂಡಿತು. ಸಿಕ್ಕಿದ್ದನ್ನು ತಿನ್ನುವುದು ಕಲಿಯಿತು: ಮೊಲ, ಹಣ್ಣು, ಈಗ ಕಸದ ಡಬ್ಬಿ. ಲಾಸ್ ಏಂಜಲೀಸಿನ ಬಡಾವಣೆಗಳಲ್ಲಿ ಇರುಳು ಅದರ ಊಳು ಕೇಳುತ್ತದೆ, ಸಾಕಿದ ಬೆಕ್ಕು ಕಾಣೆಯಾದರೆ ಮೊದಲ ಅನುಮಾನ ಅದರ ಮೇಲೇ. ಲಾ ಬ್ರೆಯಾದಲ್ಲಿ ಸಂಖ್ಯೆಯಲ್ಲಿ ಮೂರನೆಯದಾದರೂ ಮ್ಯೂಸಿಯಂನಲ್ಲಿ ಅದಕ್ಕೆ ತೋಳಗಳಿಗಿರುವಂಥ ಮರ್ಯಾದೆಯಿಲ್ಲ. ಕಾಯೋಟಿ ತಲೆಬುರುಡೆಗಳಲ್ಲಿ ಹೆಚ್ಚಿನವು ಒಳಕೋಣೆಯ ಡ್ರಾಯರುಗಳಲ್ಲಿವೆ. ಹೊರಗಿನ ಫೈಬರ್‌ಗ್ಲಾಸ್ ಸಂಸಾರಕ್ಕೆ ಮುಂದಿನ ಸಲ ಬಣ್ಣ ಬಳಿಯಲು ಕೂಡಿಸಿಟ್ಟ ದುಡ್ಡಿನಲ್ಲಿ, ಸತ್ತವುಗಳ ಜೊತೆಗೆ ಉಳಿದದ್ದಕ್ಕೂ ಒಂದು ಸಾಲು ಕಪಾಟು ಮಾಡಿಸಿದರೆ ನೋಡುವವರು ಸಿಕ್ಕಾರು.